ಅಂಗಳದ ಕಣಜ: ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು

ಶಿರಸಿ ಕಡೆಯ ನಮ್ಮೂರಿಗೆ ಹೊರಡೋ ಬೆಂಗಳೂರಿನ ಸ್ನೇಹಿತರು ಬಸ್ ಟಿಕೆಟ್ ಬುಕ್ ಮಾಡುವ ಮೊದಲೇ ಎರಡು ಪ್ರಶ್ನೆ ಕೇಳ್ತಾರೆ. ಜಿಗಣೆ ಇದೆಯಾ? ಹಾವು ಬರುತ್ತಾ? ಎರಡಕ್ಕೂ ಉತ್ತರ ಹೌದು. (ಜಿಗಣೆಗೆ ನಮ್ಮಲ್ಲಿ ಉಂಬಳ ಅಂತಾರೆ, ಅದಕ್ಕೆ ಒಂದು ಚಿಟಿಕೆ ಸುಣ್ಣ ಸಾಕು.) ಆದರೆ ತಲೆ ಎತ್ತಿ, ಮಾಡಿನ ಕೆಳಗೆ ಏನು ನೇತಾಡ್ತಿದೆ, ಮರದ ಕೊಂಬೆಯಲ್ಲಿರೋ ಆ ಬೂದು ಚೆಂಡು ಏನು ಅಂತ ಕೇಳಿದವರು ಇಲ್ಲಿವರೆಗೆ ಒಬ್ಬರೂ ಇಲ್ಲ. ಮಳೆ ನಿಂತು ಅಡಿಕೆ ಕೊಯ್ಲು ಹತ್ತಿರ ಬಂದಾಗ ನಮ್ಮ ಮನೆಯವರು ನಿಜವಾಗಿ ಹೆದರೋದು ಅದಕ್ಕೇ. ಕಣಜ. ಭತ್ತ ತುಂಬಿಡೋ ಕಣಜಕ್ಕೂ ಈ ಹುಳಕ್ಕೂ ಒಂದೇ ಹೆಸರು. "ಅವರ ಮನೆ ತುಂಬ ಕಣಜ" ಅಂದರೆ ಶ್ರೀಮಂತರೋ, ಪಾಪದವರೋ ಅಂತ ವಿಚಾರಿಸಿ ತಿಳ್ಕೋಬೇಕು.

ಮಲೆನಾಡಿನ ಮನೆ ಅಂದರೆ ಗೂಡು ಕಟ್ಟೋರಿಗೆ ಹೇಳಿ ಮಾಡಿಸಿದ ಜಾಗ. ಉದ್ದಕ್ಕೆ ಇಳಿದ ಹೆಂಚಿನ ಮಾಡು, ಅದರ ಕೆಳಗೆ ಜಗಲಿ, ಆಚೆ ಅಂಗಳ, ಒಂದು ಪಕ್ಕ ಕೊಟ್ಟಿಗೆ, ಹಿಂದೆ ಬಚ್ಚಲು, ಕಟ್ಟಿಗೆ ರಾಶಿ, ದಣಪೆ ದಾಟಿದರೆ ತೋಟ. ಮಳೆ ಬೀಳದ, ಬಿಸಿಲು ನೇರವಾಗಿ ತಾಗದ ಮೂಲೆಗಳು ನೂರಾರು. ಒಂದು ಸುತ್ತು ಬಂದರೆ ಕುಟುಕುವ, ಕಚ್ಚುವ ಒಕ್ಕಲುಗಳು ಐದಾರು ಬಗೆಯವು ಸಿಗ್ತವೆ. ಎಲ್ಲವನ್ನೂ ಒಂದೇ ಸ್ಪ್ರೇ ಡಬ್ಬಿಯಲ್ಲಿ ಮುಗಿಸೋ ಯೋಚನೆ ಪೇಟೆಯದ್ದು. ಯಾರು ಎಲ್ಲಿದ್ದಾರೆ ಅಂತ ಮೊದಲು ನೋಡಬೇಕು.

ಜಗಲಿಯ ಪಕಾಸಿಗೆ ಒಂದು ಸಣ್ಣ ಕಡ್ಡಿಯಲ್ಲಿ ನೇತಾಡೋ, ಬುಡಮೇಲಾದ ಹೂವಿನ ಹಾಗಿರೋ ಗೂಡು ನೀವೂ ನೋಡಿರ್ತೀರಿ. ಹೊರಗೆ ಹೊದಿಕೆ ಇರೋದಿಲ್ಲ, ಆರು ಮೂಲೆಯ ಕೋಣೆಗಳು ತೆರೆದೇ ಕಾಣ್ತವೆ. ಒಣ ಮರದ ನಾರನ್ನು ಹೆರೆದು, ಜಗಿದು, ಜೊಲ್ಲಿನಲ್ಲಿ ಕಲಸಿ ಮಾಡಿದ ಕಾಗದ ಅದು. ಈ ಗುಂಪಿನ ಒಂದು ಹುಳ, ರೋಪಾಲಿಡಿಯ ಮಾರ್ಜಿನಾಟ, ಜಗತ್ತಿನ ಜೀವವಿಜ್ಞಾನಿಗಳಿಗೆಲ್ಲ ಪರಿಚಿತ. ಅದಕ್ಕೆ ಕಾರಣ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ದಶಕಗಳ ಕಾಲ ಅವರೂ ಅವರ ವಿದ್ಯಾರ್ಥಿಗಳೂ ಒಂದೊಂದು ಹುಳದ ಮೈಮೇಲೆ ಬಣ್ಣದ ಚುಕ್ಕಿ ಇಟ್ಟು, ಯಾರು ಏನು ಮಾಡ್ತಾರೆ ಅಂತ ಬರ್ಕೊಂಡು ಕೂತರು. ಅದರ ಬಗ್ಗೆ ಅವರ ಪುಸ್ತಕ 2001ರಲ್ಲಿ ಬಂತು. ಈ ಹುಳದ ರಾಣಿ ಗೂಡಿನಲ್ಲಿ ಯಾರ ಮೇಲೂ ದರ್ಪ ತೋರಿಸೋದಿಲ್ಲ, ಸುಮ್ಮನೆ ಕೂತಿರ್ತಾಳೆ. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯರಲ್ಲಿ ಒಬ್ಬಳು ಮಾತ್ರ ಎಲ್ಲರ ಮೇಲೆ ಎಗರಾಡಲು ಶುರು ಮಾಡ್ತಾಳೆ. ಕೆಲವು ದಿನಗಳಲ್ಲಿ ಅವಳೇ ಮೊಟ್ಟೆ ಇಡುವ ಹೊಸ ರಾಣಿ, ಆಮೇಲೆ ಅವಳೂ ಶಾಂತ. ಮುಂದಿನ ರಾಣಿ ಯಾರು ಅಂತ ಮೊದಲೇ ನೋಡಿ ಹೇಳೋಕೆ ಮನುಷ್ಯರಿಗೆ ಆಗೋದಿಲ್ಲ. ಆ ಹುಳಗಳಿಗೆ ಮಾತ್ರ ಗೊತ್ತಿರೋ ಹಾಗಿರುತ್ತೆ. ಇಷ್ಟು ಅಚ್ಚುಕಟ್ಟಾದ ಹ್ಯಾಂಡೋವರ್ ನಮ್ಮ ಆಫೀಸಿನಲ್ಲಿ ಒಂದು ಸಲವೂ ನಡೆದಿದ್ದು ನೋಡಿಲ್ಲ.

ಆಯಿ ಈ ಗೂಡುಗಳನ್ನು ಮುಟ್ಟೋಕೆ ಬಿಡೋದಿಲ್ಲ. ಅವು ಕಂಬಳಿಹುಳ, ಎಲೆ ತಿನ್ನೋ ಹುಳಗಳನ್ನು ಹಿಡಿದು ಜಗಿದು ಮರಿಗಳಿಗೆ ತಿನ್ನಿಸ್ತವೆ ಅನ್ನೋದು ಅವಳಿಗೆ ಪುಸ್ತಕ ಓದದೇ ಗೊತ್ತು, ಹಿತ್ತಿಲಿನ ಬಸಳೆ ಅವಳದ್ದಲ್ವಾ. ಬಾಗಿಲಿನ ಚೌಕಟ್ಟಿಗೆ, ಕೈ ತಾಗುವ ಕಡೆ ಕಟ್ಟಿದರೆ ಮಾತ್ರ ತೆಗೀತಾರೆ. ಅದೂ ಎರಡು ಮೂರು ಕೋಣೆ ಆಗಿದ್ದಾಗಲೇ, ಉದ್ದ ಕೋಲಿನಲ್ಲಿ, ಮುಸ್ಸಂಜೆ.

ಕಿಟಕಿ ಮೂಲೆಯಲ್ಲಿ ಮಣ್ಣು ಮೆತ್ತುವ ಕುಂಬಾರ ಹುಳಕ್ಕಂತೂ ಹೆದರೋದೇ ಬೇಡ. ಅದು ಒಂಟಿ ಜೀವ, ಕಾಯಬೇಕಾದ ಸಂಸಾರ ಇಲ್ಲ, ಹಿಡಿದು ಹಿಸುಕದ ಹೊರತು ಕುಟುಕೋದಿಲ್ಲ ಅನ್ನಬಹುದು. ಹರಿಕಥೆಗಳಲ್ಲಿ ಕೀಟ-ಭ್ರಮರ ನ್ಯಾಯ ಕೇಳಿರ್ತೀರಿ. ಭ್ರಮರ ಒಂದು ಹುಳುವನ್ನು ತಂದು ಗೂಡಲ್ಲಿ ಮುಚ್ಚಿಡುತ್ತೆ, ಅದನ್ನೇ ಧ್ಯಾನಿಸಿ ಧ್ಯಾನಿಸಿ ಹುಳುವೂ ಭ್ರಮರ ಆಗುತ್ತೆ ಅಂತ. ನಡೆಯೋದು ಅಷ್ಟು ಸಾತ್ವಿಕ ಅಲ್ಲ. ಜೇಡವನ್ನೋ ಕಂಬಳಿಹುಳವನ್ನೋ ಕುಟುಕಿ ಅಲುಗಾಡದ ಹಾಗೆ ಮಾಡಿ, ಜೀವಂತ ಒಳಗಿಟ್ಟು, ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತೆ. ಮರಿ ಅದನ್ನು ತಿಂದು ಬೆಳೆದು ಹೊರಗೆ ಬರುತ್ತೆ. ನನಗೆ ಇದರಿಂದ ಆದ ನಷ್ಟ ಇಷ್ಟೇ: ವರ್ಕ್ ಫ್ರಂ ಹೋಮ್ ದಿನಗಳಲ್ಲಿ ಅಟ್ಟದ ಮೇಲಿಟ್ಟ ಹಳೇ ಮಾನಿಟರಿನ ಪೋರ್ಟುಗಳೆಲ್ಲ ಮಣ್ಣಿನಿಂದ ಪ್ಯಾಕ್ ಆಗಿದ್ದವು.

ಕಲ್ಲಿನ ಕಟ್ಟೆಯ ಸಂದಿಯಲ್ಲಿರೋ ಮಿಸ್ರಿ ಜೇನಿಗೆ ಕುಟುಕೋಕೇ ಬರೋದಿಲ್ಲ. ಮಾವಿನ ಮರದ ಚಗಳಿ ಎಲೆ ಹೊಲಿದು ಗೂಡು ಮಾಡುತ್ತೆ, ಕಚ್ಚುತ್ತೆ, ಉರಿಯುತ್ತೆ, ಅಲ್ಲಿಗೆ ಮುಗೀತು. ಮಲೆನಾಡಿನ ಹಲವು ಮನೆಗಳಲ್ಲಿ ಅದರ ಚಟ್ನಿ ಮಾಡ್ತಾರೆ. ಬಚ್ಚಲ ಗೋಡೆಯ ಪೊಟರೆಯಲ್ಲಿ ತುಡುವೆ ಜೇನು ಸೇರಿಕೊಂಡರೆ ಜೇನು ಸಾಕುವವರಿಗೆ ಹೇಳಿದರೆ ಪೆಟ್ಟಿಗೆ ತಂದು ಖುಷಿಯಿಂದ ಒಯ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಪೆಟ್ಟಿಗೆಗಳು ಸಾಲುಸಾಲು ಖಾಲಿಯಾಗಿದ್ದವು. ಅದನ್ನು ಕಂಡವರು ತುಡುವೆಗೆ ವಿಷ ಹೊಡೆಯೋ ಮಾತು ಎತ್ತಿದರೆ ಮುಖ ನೋಡೋದಿಲ್ಲ.

ಹೆಜ್ಜೇನಿನ ವಿಷಯ ಬೇರೆ. ಅದು ಎತ್ತರದ ಮರ, ಬಂಡೆ, ನೀರಿನ ಟ್ಯಾಂಕು, ಈಗೀಗ ಅಪಾರ್ಟ್‌ಮೆಂಟಿನ ಬಾಲ್ಕನಿ ಹುಡುಕಿಕೊಂಡು ಬರುತ್ತೆ. ಒಂದೇ ದೊಡ್ಡ ಎರಿ, ಅದರ ಮೇಲೆ ಸಾವಿರಾರು ಹುಳಗಳ ಪರದೆ. ಒಂದು ಕುಟುಕಿದರೆ ಬಾಳೆಹಣ್ಣಿನ ಹಾಗಿರೋ ವಾಸನೆ ಹರಡುತ್ತೆ, ಅದು ಉಳಿದವುಗಳಿಗೆ ಕರೆ. ಬೆಂಗಳೂರಿನಲ್ಲಿ ನಾನಿರೋ ಕಟ್ಟಡದ ಏಳನೇ ಮಹಡಿಯಲ್ಲಿ ಕಟ್ಟಿದಾಗ ವಾಟ್ಸಾಪ್ ಗುಂಪಿನಲ್ಲಿ ಗದ್ದಲವೋ ಗದ್ದಲ. ಆದರೆ ಹೆಜ್ಜೇನು ಕಾಯಂ ಬಾಡಿಗೆದಾರ ಅಲ್ಲ, ಹೂವಿನ ಕಾಲ ಮುಗಿದರೆ ಗೂಡು ಬಿಟ್ಟು ವಲಸೆ ಹೋಗುತ್ತೆ. ಓಡಾಡುವ ದಾರಿಯಲ್ಲಿಲ್ಲದಿದ್ದರೆ, ಕಲ್ಲು ಎಸೆಯೋ ಮಕ್ಕಳೂ ಪಟಾಕಿ ಹೊಡೆಯೋ ದೊಡ್ಡವರೂ ಇಲ್ಲದಿದ್ದರೆ, ಕಾಯೋದೇ ಸರಿ.

ಕಾಯೋಕೆ ಆಗದ್ದು ಮರದ ಮೇಲಿನ ದೊಡ್ಡ ಕಣಜ. ಬೂದು-ಕಂದು ಪಟ್ಟೆಯ ಕಾಗದದ ಚೆಂಡು, ಪಕ್ಕದಲ್ಲಿ ಒಂದು ತೂತು, ಒಳಗೆ ಮಹಡಿ ಮೇಲೆ ಮಹಡಿ ಎರಿ. ಜೇನಿನ ಹಾಗೆ ಇದರ ಕೊಂಡಿ ನಮ್ಮ ಚರ್ಮದಲ್ಲಿ ಸಿಕ್ಕಿ ಉಳಿಯೋದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಕುಟುಕಬಹುದು. ಹೋದ ವರ್ಷ ಕೊಯ್ಲಿಗೆ ಐದು ದಿನ ಇರುವಾಗ ರಜೆ ಹಾಕಿ ಊರಿಗೆ ಹೋದರೆ, ದಣಪೆಯ ಪಕ್ಕದ ಹಲಸಿನ ಮರದಲ್ಲಿ ತೆಂಗಿನಕಾಯಿಗಿಂತ ದೊಡ್ಡ ಗೂಡು. ನೆಲದಿಂದ ಹದಿನೈದು ಅಡಿ. ಅದರ ಕೆಳಗೇ ತೋಟಕ್ಕೆ ದಾರಿ, ಮಗ್ಗುಲಲ್ಲೇ ಅಡಿಕೆ ಮರಗಳ ಮೊದಲ ಸಾಲು. ಆಯಿಗೆ ಎರಡು ವರ್ಷದ ಹಿಂದೆ ಬರೀ ಎರಡು ಹುಳ ಕುಟುಕಿದ್ದಕ್ಕೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿತ್ತು. ಹದಿನಾಲ್ಕು ಕಿಲೋಮೀಟರ್ ಜೀಪಿನಲ್ಲಿ ಹೋಗಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಡಿಸಿದ ಮೇಲೆ ಸರಿಹೋಯ್ತು. ಇನ್ನೊಂದು ಸಲ ಕುಟುಕಿದರೆ ಇದಕ್ಕಿಂತ ಜೋರಾಗಬಹುದು ಅಂತ ಡಾಕ್ಟರು ಆವತ್ತೇ ಹೇಳಿದ್ದರು. ದಿನಕ್ಕೆರಡು ಸಲ ಆಯಿ ಹಾಲು ಕರೆಯೋಕೆ ಹೋಗೋ ಕೊಟ್ಟಿಗೆ ಆ ಮರದಿಂದ ಮೂವತ್ತು ಹೆಜ್ಜೆ.

ನಮ್ಮ ತೋಟದ ಕೊನೆ ಕೊಯ್ಯುವ ಗೌಡ್ರಿಗೆ ಆ ಗೂಡಿನ ವಿಚಾರ ಮೊದಲೇ ಗೊತ್ತಿತ್ತು. ಆಗಸ್ಟಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವಾಗ ಅದು ನಿಂಬೆಹಣ್ಣಿನಷ್ಟಿತ್ತಂತೆ, ಅಪ್ಪನಿಗೂ ಹೇಳಿದ್ದರಂತೆ. ಆ ಹಂತದಲ್ಲಿ ಒಳಗಿರೋದು ಒಬ್ಬಳೇ ರಾಣಿ, ಜೊತೆಗೆ ಬೆರಳೆಣಿಕೆಯ ಮಕ್ಕಳು. ಆಗ ತೆಗೆದಿದ್ದರೆ ಹತ್ತು ನಿಮಿಷದ ಕೆಲಸ. ಮಳೆಯಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ.

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಮತ್ಯಾಕೆ ಹೆದರಿಕೆ ಅಂತ ನಾನು ಕೇಳಿದೆ. ಗೌಡ್ರು ನಕ್ಕರು. "ದೋಟಿ ಹಿಡದವ ಮೇಲೆ ನೋಡಿ ನೋಡಿ ಕಣ್ಣು ಕತ್ತಲೆ ಬಂದಿರ್ತದೆ, ಗೂಡು ಕಾಣೋದು ಅದಕ್ಕೆ ತಾಗಿದ ಮೇಲೆ. ಆದ್ರೂ ಅವ ಓಡ್ತಾನೆ. ಮರದ ತುದೀಲಿ ಇದ್ದವ ಎಲ್ಲಿಗೆ ಓಡ್ಬೇಕು ತಮಾ?" ಕಾಲಿಗೆ ತಳೆ ಹಾಕಿಕೊಂಡು ಐವತ್ತು ಅಡಿ ಮೇಲೆ, ಒಂದು ಕೈಯಲ್ಲಿ ಕತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟೋ ಮನುಷ್ಯ ಕೈ ಬಿಟ್ಟರೆ ಕಥೆ ಮುಗೀತು. ಈ ಸಲ ಆ ಸಾಲು ಹತ್ತಬೇಕಾದವನು ಅವರ ಮಗ. ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಪರಿಸರದ ಬಗ್ಗೆ ಮಾತಾಡೋ ನಮ್ಮಂಥವರಿಗೆ ಕಣಜ ಒಂದು ಚರ್ಚೆ. ಆ ಅಪಾಯಕ್ಕೆ ಮೈ ಕೊಡೋರು ಅವರು. ಹಾಗಾಗಿ ಇದನ್ನು ತೆಗೆಯಬೇಕಾ ಬೇಡವಾ ಅನ್ನೋದರಲ್ಲಿ ಅವರ ಮಾತೇ ಕೊನೆಯದು ಅಂತ ನನಗನ್ನಿಸುತ್ತೆ.

ಅಪ್ಪ ಪೆಟ್ರೋಲ್ ಎರಚೋಣ ಅಂದರು. ಗೌಡ್ರು ಬೇಡ ಅಂದರು. ಉರಿ ಎಲ್ಲಿಗೆ ಹಾರುತ್ತೆ ಹೇಳೋಕಾಗಲ್ಲ, ಕೊಟ್ಟಿಗೆಗೆ ಹೊದೆಸಿದ್ದು ಸೋಗೆ. ಕತ್ತಲಾದ ಮೇಲೆ, ಹೊರಗೆ ಹೋದ ಹುಳಗಳೆಲ್ಲ ಮರಳಿದ ಮೇಲೆ ಕೆಲಸ ಅಂತ ತೀರ್ಮಾನ ಆಯ್ತು. ಕಣಜ ಬೆಳಕಿಗೆ ಬರುತ್ತೆ ಅಂತ ಮನೆಯ ಬಲ್ಬೆಲ್ಲ ಆರಿಸಿದ್ವಿ, ಕಿಟಕಿ ಮುಚ್ಚಿದ್ವಿ, ದನ ಎರಡನ್ನೂ ಆಚೆ ಮನೆಗೆ ದಾಟಿಸಿದ್ವಿ. ಆಯಿಯನ್ನು ಸಂಜೆಗೇ ದೊಡ್ಡಮ್ಮನ ಮನೆಗೆ ಕಳಿಸಾಗಿತ್ತು. ಜೀಪಿನವನಿಗೆ ಊರಲ್ಲೇ ಇರು ಅಂತ ಹೇಳಿಟ್ಟಿದ್ದೆ. ನನ್ನ ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ಸುತ್ತಿದ್ದೆ, ಕೆಂಪು ಬೆಳಕು ಹುಳಗಳಿಗೆ ಅಷ್ಟಾಗಿ ಕಾಣೋದಿಲ್ಲ. ಗೌಡ್ರು ಮಳೆಗಾಲದ ರೇನ್‌ಕೋಟು, ಅದರ ಮೇಲೆ ಕಂಬಳಿ, ಮುಖಕ್ಕೆ ಸೊಳ್ಳೆಪರದೆಯ ತುಂಡು. ಉದ್ದ ಬಿದಿರಿನ ತುದಿಗೆ ಒಣ ತೆಂಗಿನ ಗರಿಯ ಸೂಡಿ ಕಟ್ಟಿ, ಹೊತ್ತಿಸಿ, ನೇರ ತೂತಿನ ಬಾಯಿಗೆ ಹಿಡಿದರು. ಒಳಗಿನಿಂದ ಬಂದ ಸದ್ದು ಹಳೇ ಸರ್ವರ್ ರೂಮಿನ ಫ್ಯಾನುಗಳ ಹಾಗಿತ್ತು. ಎರಡು ನಿಮಿಷದಲ್ಲಿ ಗೂಡು ಉರಿದು ಕಳಚಿ ಬಿತ್ತು. ಒದ್ದೆ ನೆಲ, ಹಸಿ ಮರ, ಬೆಂಕಿ ಅಲ್ಲೇ ಸತ್ತಿತು.

ಇದನ್ನು ಓದಿ ಯಾರೂ ಭಾನುವಾರ ಸಂಜೆ ಸೂಡಿ ಹಿಡಿದು ಹೊರಡಬೇಡಿ. ಗೌಡ್ರಿಗೆ ನಲವತ್ತು ವರ್ಷದ ಅನುಭವ. ಪೇಟೆಯಲ್ಲಾದರೆ ಮೈ ಮುಚ್ಚುವ ಸೂಟು ಹಾಕಿ ರಾತ್ರಿ ಬಂದು ತೆಗೆಯುವವರನ್ನೇ ಕರೀರಿ, ಹಗಲು ಹೊಡೀತೀವಿ ಅನ್ನುವವರನ್ನು ವಾಪಸ್ ಕಳಿಸಿ. ಎದ್ದ ಹುಳಗಳು ಬೆನ್ನಟ್ಟಿದರೆ ಕೈ ಬೀಸದೆ, ಮುಖ ಮುಚ್ಕೊಂಡು ಓಡಿ ಬಾಗಿಲು ಹಾಕೋ ಕೋಣೆ ಸೇರಬೇಕು. ಜೇನಿನ ಕೊಂಡಿ ಚರ್ಮದಲ್ಲಿ ಉಳಿದಿದ್ದರೆ ಹೇಗಾದರೂ ಸರಿ, ಬೇಗ ಕೆರೆದು ತೆಗೀಬೇಕು. ಸುಣ್ಣ, ಈರುಳ್ಳಿ ಹಚ್ಚೋದು ಮನಸ್ಸಿನ ಸಮಾಧಾನಕ್ಕೆ ಇರಲಿ, ಐಸ್ ಇಟ್ಟರೆ ಊತಕ್ಕೆ ಒಳ್ಳೇದು. ಆದರೆ ಕುಟುಕಿದ ಜಾಗ ಬಿಟ್ಟು ಬೇರೆ ಕಡೆ ದದ್ದು ಎದ್ದರೆ, ನಾಲಿಗೆ-ತುಟಿ ಊದಿದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆ. ಹತ್ತಾರು ಹುಳ ಒಟ್ಟಿಗೆ ಕುಟುಕಿದ್ದರೆ ಆರಾಮಿದ್ದಂತೆ ಕಂಡರೂ ಹೋಗಲೇಬೇಕು, ಆ ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಮರುದಿನ ಬೆಳಿಗ್ಗೆ ದಣಪೆ ಹತ್ತಿರ ಕಾಗೆಗಳ ಸಂತೆ, ಬಿದ್ದ ಎರಿಯಿಂದ ಮರಿಹುಳ ಹೆಕ್ತಾ ಇದ್ದವು. ರಾತ್ರಿ ಹೊರಗೇ ಉಳಿದಿದ್ದ ಏಳೆಂಟು ಕಣಜಗಳು ಗೂಡಿದ್ದ ಕೊಂಬೆಯನ್ನು ಸುತ್ತುತ್ತಲೇ ಇದ್ದವು, ಕೂರೋಕೆ ಜಾಗ ಸಿಗದೆ. ಆಯಿ ಇನ್ನೆರಡು ದಿನ ದೊಡ್ಡಮ್ಮನ ಮನೆಯಲ್ಲೇ ಉಳಿದಳು, ಹಾಲು ಕರೆಯೋಕೆ ಅಪ್ಪ ಆಚೆ ಮನೆಗೆ ಹೋದರು. ಮೂರನೇ ದಿನ ಕೊಂಬೆ ಖಾಲಿ. ಕೊಯ್ಲು ಶುರುವಾದಾಗ ಗೌಡ್ರ ಮಗ ಮೊದಲು ಆ ಸಾಲಿನ ಕೆಳಗೆ ನಿಂತು ತುಂಬಾ ಹೊತ್ತು ಮೇಲೆ ನೋಡಿದ, ಆಮೇಲೆ ತಳೆ ಹಾಕ್ಕೊಂಡು ಹತ್ತಿದ. ನೇಣಿನ ಮೇಲೆ ಜಾರಿ ಬಂದ ಕೊನೆಗಳನ್ನು ಕೆಳಗೆ ನಿಂತು ಹಿಡಿದದ್ದು ನಾನು.