ಹಸಿಯೂ ಬೆಂದುದೂ

ಮನುಷ್ಯನನ್ನು ಉಳಿದ ಪ್ರಾಣಿಗಳಿಂದ ಬೇರ್ಪಡಿಸುವ ಲಕ್ಷಣಗಳಾವುವೆಂದು ಕೇಳಿದರೆ ಪಂಡಿತರು ಮಾತು, ನಗು, ಧರ್ಮಬುದ್ಧಿ ಎಂದು ಎಣಿಸುತ್ತಾರೆ. ಅಡುಗೆಮನೆಯ ಒಲೆಯನ್ನು ಆ ಎಣಿಕೆಗೆ ಸೇರಿಸುವವರು ವಿರಳ. ಆದರೂ ಬೇಯಿಸಿ ಉಣ್ಣುವ ಜೀವಿ ಮನುಷ್ಯನೊಬ್ಬನೇ ಎಂಬುದರಲ್ಲಿ ಸಂದೇಹವಿಲ್ಲ. ವಿಚಿತ್ರವೆಂದರೆ, ತನ್ನನ್ನು ಇಷ್ಟು ಕಾಲ ಸಾಕಿದ ಆ ಬೆಂಕಿಯ ಮೇಲೆಯೇ ಅವನಿಗೆ ಆಗಾಗ ಅನುಮಾನ ಹುಟ್ಟುತ್ತದೆ. ಬೆಂದೊಡನೆ ಆಹಾರದ ಸತ್ತ್ವವೆಲ್ಲ ಹಾರಿಹೋಗುವುದೆಂದೂ, ಹಸಿಯಾಗಿ ತಿಂದವನೇ ಆರೋಗ್ಯವಂತನೆಂದೂ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಗಾಂಧೀಜಿಯವರು ಕೂಡ 1929ರಲ್ಲಿ ಬೇಯಿಸದ ಆಹಾರದ ಪ್ರಯೋಗವನ್ನು ಕೈಗೊಂಡು, ಅದರ ವಿವರಗಳನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದರು. ಆದರೆ ಅದು ಮೈಗೆ ಒಗ್ಗದೆ, ಅದೇ ವರ್ಷ ಕೈಬಿಡಬೇಕಾಯಿತು.

ಈ ಅನುಮಾನ ಈಗ ಅರಕಲಗೂಡಿನಂಥ ಊರುಗಳಿಗೂ ಬಂದಿದೆ. ಅಲ್ಲಿನ ಒಂದು ಮನೆಗೆ ಬೆಂಗಳೂರಿನಿಂದ ರಜೆಗೆಂದು ಬಂದ ಮೊಮ್ಮಗನೊಬ್ಬ, ಇನ್ನು ಮನೆಯವರೆಲ್ಲ ಹಸಿ ತರಕಾರಿ, ನೆನೆಸಿದ ಕಾಳುಗಳನ್ನೇ ತಿನ್ನಬೇಕೆಂದು ಉಪದೇಶ ಮಾಡಿದನು. ಅಜ್ಜಿ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು.

“ಹಸೀದು ತಿನ್ನೋಕೆ ಹಲ್ಲು ಬೇಕಲ್ಲ ಮಗ. ನಿನ್ನ ತಾತಂಗೆ ಎಲ್ಲಿಂದ ತರ್ಲಿ?” ಎಂದಳು.

“ತಾತಂಗೆ ಬೇಯಿಸಿಕೊಡು ಅಜ್ಜಿ, ಉಳಿದೋರಾದ್ರೂ ತಿನ್ನಬಹುದಲ್ಲ?”

“ಅವರೆಕಾಳು ಹಸೀದು ತಿಂದು ನಾಳೆ ಹೊಟ್ಟೆ ಹಿಡ್ಕೊಂಡು ಕೂತ್ರೆ ನಾನು ಕಷಾಯ ಕಾಯಿಸ್ಬೇಕು. ಅದೂ ಬೇಯಿಸಿದ್ದೇ ಅಲ್ವಾ?”

ಅಜ್ಜಿಯ ಮಾತು ನಗೆಮಾತಾದರೂ ಶಾಸ್ತ್ರಕ್ಕೆ ವಿರುದ್ಧವಾದುದಲ್ಲ. ಹಸಿಯ ಅವರೆಕಾಳಿನಲ್ಲಿ ಸಸಾರಜನಕದ ಜೀರ್ಣಕ್ಕೆ ಅಡ್ಡಿಯಾಗುವ ವಸ್ತುಗಳಿವೆ. ವಿಷಕಾರಿಯಾದ ಸಯನೈಡನ್ನು ಬಿಡುಗಡೆ ಮಾಡಬಲ್ಲ ಅಂಶವೂ ಇದೆ. ಚೆನ್ನಾಗಿ ಕುದಿಸಿದಾಗಲೇ ಅವುಗಳ ಉಪಟಳ ಅಡಗುವುದು. ರಾಗಿಯ ಕಥೆಯೂ ಇಂಥದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಆದರೆ ಹಸಿಯ ಹಿಟ್ಟಿನ ಪಿಷ್ಟ ಹೊಟ್ಟೆಗೆ ಸುಲಭವಾಗಿ ಬಗ್ಗುವುದಿಲ್ಲ. ಕುದಿನೀರಿನಲ್ಲಿ ಬೆಂದು, ಕೋಲಿನಿಂದ ತಿರುವಿಸಿಕೊಂಡು ಮುದ್ದೆಯಾದ ಮೇಲೆಯೇ ಅದು ದುಡಿಯುವವನ ಅನ್ನವಾಗುತ್ತದೆ. ಹಾಸನದ ಸೀಮೆಯ ಪ್ರಸಿದ್ಧ ಆಲೂಗೆಡ್ಡೆಯೂ ಹಾಗೆಯೇ. ಸಿಪ್ಪೆಸಹಿತ ಬೇಯಿಸಿ ಆಮೇಲೆ ಸುಲಿದರೆ ಅದರ ಸತ್ತ್ವ ನೀರುಪಾಲಾಗುವುದು ಕಡಿಮೆ.

ಹಾಗೆಂದು ಮೊಮ್ಮಗನದು ಪೂರ್ತಿ ತಪ್ಪೆನ್ನುವುದೂ ನ್ಯಾಯವಲ್ಲ. ಸಿ ಜೀವಸತ್ತ್ವ ಬೆಂಕಿಗೂ ಹೆದರುತ್ತದೆ, ನೀರಿಗೂ ಕರಗುತ್ತದೆ. ಬಿ ಗುಂಪಿನ ಕೆಲವು ಜೀವಸತ್ತ್ವಗಳ ಹಣೆಬರಹವೂ ಅದೇ. ಕಬ್ಬಿಣ, ಸುಣ್ಣಗಳು ಬೆಂಕಿಯಿಂದ ನಾಶವಾಗುವುದಿಲ್ಲವಾದರೂ, ಬೇಯಿಸಿದ ನೀರಿಗೆ ಒಂದಿಷ್ಟು ಇಳಿಯುತ್ತವೆ. ಇನ್ನು ಸೊಪ್ಪು, ಗಜ್ಜರಿಗಳಲ್ಲಿರುವ, ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುವ ವಸ್ತುವಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಬೆಂದು ಮೆತ್ತಗಾಗಿ, ಒಗ್ಗರಣೆಯ ಎಣ್ಣೆ ಸೋಕಿದಾಗಲೇ ಅದು ದೇಹಕ್ಕೆ ಹೆಚ್ಚಾಗಿ ದಕ್ಕುವುದು. ಬೆಂಕಿ ಒಂದು ಕೈಯಿಂದ ಕಿತ್ತುಕೊಂಡು ಮತ್ತೊಂದು ಕೈಯಿಂದ ಕೊಡುತ್ತದೆ.

ಹಸಿಯನ್ನೇ ನಂಬಿದವರ ಗತಿಯನ್ನು ಪರೀಕ್ಷಿಸಿದವರೂ ಉಂಟು. ಜರ್ಮನಿಯ ಗೀಸೆನ್ನಿನ ವಿದ್ವಾಂಸರು ಬಹುಪಾಲು ಹಸಿಯ ಆಹಾರವನ್ನೇ ತಿನ್ನುತ್ತಿದ್ದ ಐನೂರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಅನೇಕರ ಮೈತೂಕ ಇಳಿದಿತ್ತು. ನಲವತ್ತೈದು ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ಮಾಸಿಕ ಋತುಚಕ್ರ ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. ಹೊಟ್ಟೆ ತುಂಬಿದರೂ ದೇಹಕ್ಕೆ ಬೇಕಾದ ಶಕ್ತಿ ಸಾಲದೆಹೋದರೆ ಹೀಗಾಗುವುದುಂಟು.

ಆದುದರಿಂದ ಹಸಿಯೋ, ಬೆಂದುದೋ ಎಂಬ ಪ್ರಶ್ನೆಗಿಂತ ಯಾವುದು ಹಸಿ, ಯಾವುದು ಬೆಂದುದು ಎಂಬ ವಿವೇಕವೇ ಮುಖ್ಯ. ಈ ವಿವೇಕ ನಮ್ಮ ಸೀಮೆಯ ಅಡುಗೆಯಲ್ಲಿ ಹಿಂದಿನಿಂದಲೂ ಇದೆ. ಬಸ್ಸಾರನ್ನೇ ನೋಡಬಹುದು. ಕಾಳನ್ನೂ ಸೊಪ್ಪನ್ನೂ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟನ್ನು ಚೆಲ್ಲದೆ, ಖಾರ ರುಬ್ಬಿಹಾಕಿ ಸಾರು ಮಾಡುತ್ತಾರೆ. ಉಳಿದ ಕಾಳುಸೊಪ್ಪು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ನೀರಿಗಿಳಿದ ಸತ್ತ್ವದ ಬಹುಪಾಲು ತಟ್ಟೆಗೇ ಮರಳುತ್ತದೆ. ಅತ್ತ ರಾಮನವಮಿಯಲ್ಲಿ ನೆನೆದ ಹೆಸರುಬೇಳೆಗೆ ಸೌತೆಕಾಯಿಯನ್ನು ಹೆಚ್ಚಿ, ನಿಂಬೆಯ ಹುಳಿ ಹಿಂಡಿ ಕೋಸಂಬರಿ ಮಾಡುತ್ತಾರೆ. ಅವರೆಯನ್ನು ಬೇಯಿಸಬೇಕು, ಹೆಸರುಬೇಳೆಯನ್ನು ನೆನೆಸಿದರೆ ಸಾಕು ಎಂಬ ಭೇದವನ್ನು ಅವರಿಗೆ ಕಲಿಸಿದುದು ಯಾವ ಪ್ರಯೋಗಶಾಲೆಯೂ ಅಲ್ಲ. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿಯ ಹಿಟ್ಟಿನಿಂದ ಕೂಸಿಗೆ ಗಂಜಿ ಕಾಯಿಸುವ ತಾಯಂದಿರೂ ಬಹಳ ಹಿಂದಿನವರೇ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯವು ರಾಗಿಯ ಮಾಲ್ಟನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದುದು ಅನಂತರದ ಮಾತು.

ಇಷ್ಟೆಲ್ಲ ತಿಳಿವಳಿಕೆಯುಳ್ಳ ಅಡುಗೆಮನೆಯಲ್ಲಿ ಒಂದು ಕೊರತೆ ಮಾತ್ರ ಉಳಿದುಕೊಂಡಿದೆ. ಕಟ್ಟನ್ನು ಚೆಲ್ಲದೆ ಕಾಪಾಡಿದ ಗೃಹಿಣಿಯೇ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುತ್ತಾಳೆ. ಆ ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ, ಕೋಸಂಬರಿ ಮಕ್ಕಳ ಪಾಲಾಗಿರುತ್ತದೆ. ಎರಡು ಸಲ ಬಿಸಿಮಾಡಿದ ಸಾರು ಮಾತ್ರ ಅವಳಿಗಾಗಿ ಕಾದಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು. ತಟ್ಟೆಗೆ ಬಾರದ ಸೊಪ್ಪೂ ಅವುಗಳಲ್ಲೊಂದು.

ಪರಿಹಾರ ಬಹು ದೂರದಲ್ಲಿಲ್ಲ. ಬೆಂದ ಸೊಪ್ಪಿನ ಜೊತೆಗೆ ಹಸಿಯ ನಿಂಬೆರಸ ಸೇರಿದರೆ, ಅದರ ಸಿ ಜೀವಸತ್ತ್ವ ಸೊಪ್ಪಿನ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಊಟ ಮುಗಿದೊಡನೆ ಕುಡಿಯುವ ಕಾಫಿಯಾದರೋ ಅದೇ ಕಬ್ಬಿಣವನ್ನು ತಡೆಯುತ್ತದೆ. ಕಾಫಿ ಬೆಳೆಯುವ ಹಾಸನ ಜಿಲ್ಲೆಯಲ್ಲಿ ಕಾಫಿಯನ್ನು ಬಿಡಿರೆಂದರೆ ಕೇಳುವವರಾರು? ಒಂದು ಗಂಟೆ ತಡಮಾಡಿರೆಂದರೆ ಯಾರೂ ಮುನಿಯಲಾರರು. ಆ ಒಂದು ಗಂಟೆಯ ತಾಳ್ಮೆಯನ್ನು ಮನೆಯವರೆಲ್ಲ ಕಲಿತು, ಅಡುಗೆ ಮಾಡಿದವಳನ್ನೂ ಮೊದಲ ಪಂಕ್ತಿಯಲ್ಲಿಯೇ ಕೂರಿಸಿಕೊಂಡರೆ, ಹಸಿಯದೂ ಬೆಂದುದೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತವೆ.