ಪುಸ್ತಕದಲ್ಲಿ ಉಮ್ಮನ ಹೆಸರು

ಕಮ್ಯುನಿಸ್ಟ್ ಎಂದರೆ ಕೆಂಪು ಬಾವುಟ, ಮೆರವಣಿಗೆ, ಘೋಷಣೆ ಎಂದಷ್ಟೇ ನಮ್ಮಲ್ಲಿ ಹಲವರಿಗೆ ಗೊತ್ತು. ನನಗೆ ನೆನಪಾಗುವುದು ಮಾತ್ರ ಉಮ್ಮನ ಬೀಡಿ ಪುಸ್ತಕ.

ಉಳ್ಳಾಲ, ತೊಕ್ಕೊಟ್ಟು ಕಡೆ ಬೀಡಿ ಕಟ್ಟುವ ಮನೆಗಳು ಇಂದಿಗೂ ಇವೆ. ನಮ್ಮದೂ ಅಂಥದ್ದೇ ಮನೆ. ಕಂಟ್ರಾಕ್ಟರ್ ಕೊಟ್ಟ ಎಲೆ, ಹೊಗೆಸೊಪ್ಪು, ನೂಲು ತಂದು, ಅಡುಗೆ ಮುಗಿಸಿ ಉಮ್ಮ ಮೊರ ಹಿಡಿದು ಕುಳಿತುಕೊಳ್ಳುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಎಲೆ ಹಾಳಿದ್ದರೂ, ಬೀಡಿ ಸರಿಯಿಲ್ಲವೆಂದು ಬದಿಗೆ ಹಾಕಿದರೂ ನಷ್ಟ ಕಟ್ಟುವವರದ್ದೇ.

ಕಾರ್ಖಾನೆಯಾದರೆ ಗೇಟಿನ ಬಳಿ ನಿಂತು ಕಾರ್ಮಿಕರನ್ನು ಸೇರಿಸಬಹುದು. ಇಲ್ಲಿ ಮನೆಯೇ ಕಾರ್ಖಾನೆ. ಹಾಗಾಗಿ ಎಐಟಿಯುಸಿ, ಸಿಐಟಿಯು ಮುಂತಾದ ಎಡ ಸಂಘಟನೆಗಳವರು ಮನೆ ಮನೆಗೆ ಹೋಗಿಯೇ ಯೂನಿಯನ್ ಕಟ್ಟಬೇಕಾಯಿತು. 1966ರ ಬೀಡಿ ಕಾರ್ಮಿಕರ ಕಾನೂನು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಮಾಲೀಕರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಪಿಎಫ್ ಕೂಡ ಇವರಿಗೆ ಸಲ್ಲಬೇಕೆಂದು 1985ರಲ್ಲಿ ತೀರ್ಪು ಬಂತು.

ಆದರೆ ತೀರ್ಪು ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಉಮ್ಮ ಕಟ್ಟಿದ ಬೀಡಿಯ ಲೆಕ್ಕ ಬಹಳ ವರ್ಷ ಬೇರೊಬ್ಬರ ಪುಸ್ತಕದಲ್ಲಿತ್ತು. ದುಡಿಮೆ ಉಮ್ಮನದು, ಪಿಎಫ್ ಇನ್ನೊಬ್ಬರ ಹೆಸರಿಗೆ. ಒಮ್ಮೆ ಯೂನಿಯನ್ನಿನ ಅಕ್ಕ ಬಂದು, "ಇದರಲ್ಲಿ ನಿಮ್ಮ ಹೆಸರು ಎಲ್ಲುಂಟು?" ಎಂದು ಕೇಳಿದರು. ಕೇಳಲು ಹೋದರೆ ಎಲೆ ಕೊಡುವುದನ್ನೇ ನಿಲ್ಲಿಸಿಯಾರು ಎಂದು ಉಮ್ಮನಿಗೆ ಹೆದರಿಕೆ. ಅಕ್ಕ ಉಮ್ಮನನ್ನು ಒಬ್ಬರೇ ಕಳುಹಿಸಲಿಲ್ಲ. ಬ್ಯಾರಿ ಮಾತಾಡುವವರು, ತುಳು ಮಾತಾಡುವವರು, ನೆರೆಯ ಹತ್ತು ಹೆಂಗಸರು ಒಟ್ಟಿಗೆ ಹೋದರು. ಹೊರಡುವ ಮುನ್ನ ಉಮ್ಮ ಅಸರ್ ನಮಾಜಿಗೆ ಎದ್ದಾಗ ಅಕ್ಕ ಜಗಲಿಯಲ್ಲಿ ಕಾದು ಕುಳಿತರು. ನಾಲ್ಕು ಸಲ ಅಲೆದ ಮೇಲೆ ಉಮ್ಮನ ಹೆಸರಿನ ಪುಸ್ತಕ ಬಂತು. ಹಿಂದಿನ ವರ್ಷಗಳ ಲೆಕ್ಕ ಮಾತ್ರ ಹೋದದ್ದು ಹೋಯಿತು.

ಹೊಗೆಸೊಪ್ಪಿನ ಧೂಳಿನಲ್ಲಿ ಕೆಮ್ಮುವ ಉಮ್ಮ, ನಾನು ಮೊರ ಮುಟ್ಟುವುದು ಬೇಡ ಎನ್ನುತ್ತಾರೆ. ಬೀಡಿಯ ಕಾಲ ಮುಗಿಯುತ್ತಿದೆ. 1966ರ ಆ ಕಾನೂನೂ 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ನಾಳೆ ನಾವು ಡೆಲಿವರಿಗೋ ಮಾಲ್‌ಗೋ ಕೆಲಸಕ್ಕೆ ಸೇರಬಹುದು. ಅಲ್ಲಿಯೂ ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೊಡಲಿಕ್ಕಿಲ್ಲ.

ಎಲ್ಲರೂ ಕೆಂಪು ಬಾವುಟ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಬೀಡಿ ಕಟ್ಟುವವರಿದ್ದರೆ ಇವತ್ತೇ ಪುಸ್ತಕ ತೆರೆದು, ಅದರಲ್ಲಿರುವ ಹೆಸರು ಯಾರದೆಂದು ಓದಿ ಹೇಳಿ. ಓದು ಕಲಿತ ನಾವು ಇಷ್ಟಾದರೂ ಮಾಡಬಹುದು.

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ