ಬಲಗೈಯ ಲೆಕ್ಕ

ಗಿಟಾರ್ ನುಡಿಸುವವರನ್ನು ನೋಡುವಾಗ ಎಲ್ಲರ ಕಣ್ಣೂ ಎಡಗೈ ಮೇಲೆಯೇ ಇರುತ್ತದೆ. ಬೆರಳುಗಳು ಫ್ರೆಟ್ಟುಗಳ ಮೇಲೆ ಜೇಡನ ಕಾಲಿನ ಹಾಗೆ ಓಡಾಡುತ್ತವೆ, ನೋಡಲು ಚೆಂದ. ಬಲಗೈ ಏನು ಮಾಡುತ್ತದೆ ಎಂದು ಕೇಳಿದರೆ "ಸುಮ್ಮನೆ ತಂತಿ ಮೀಟುತ್ತದಲ್ಲ" ಎಂದುಬಿಡುತ್ತಾರೆ. ಆ 'ಸುಮ್ಮನೆ'ಯ ಒಳಗೆ ಎಷ್ಟು ಕೆಲಸ ಅಡಗಿದೆ ಎಂಬುದನ್ನು ನಾನು 73ನೆಯ ವಯಸ್ಸಿನಲ್ಲಿ ಕೂತು ಕಲಿಯಬೇಕಾಯಿತು. ಬೇರೆ ದಾರಿ ಇರಲಿಲ್ಲ.

ಕಾರಣ ನನ್ನ ಬಲ ಹೆಬ್ಬೆರಳು. ಅದರ ಬುಡದ ಕೀಲು ನೋಯತೊಡಗಿತ್ತು. ಬೆಳಿಗ್ಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ. ಡಾಕ್ಟರು ನೋಡಿ, "ಕೀಲು ಸವೆದಿದೆ. ಚಿವುಟಿ ಹಿಡಿಯುವ ಕೆಲಸ ಕಡಿಮೆ ಮಾಡಿ" ಎಂದರು. ಗಿಟಾರಿನ ಪಿಕ್ ಎಂದರೆ ಇಡೀ ಹೊತ್ತು ಚಿವುಟಿ ಹಿಡಿಯುವ ಕೆಲಸವೇ! ಬಿಡಬೇಕೇ ಎಂದು ಕೇಳಿದೆ. "ಬಿಗಿಯಾಗಿ ಹಿಡಿಯದೆ ನುಡಿಸಲು ಆಗುತ್ತದೆಯೇ ನೋಡಿ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ" ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬಂದೆ.

1970ರ ದಶಕದಲ್ಲಿ ನಮ್ಮ ಬ್ಯಾಂಕಿನ ನೌಕರರದೊಂದು ಆರ್ಕೆಸ್ಟ್ರಾ ಇತ್ತು. ಗಣೇಶನ ಪೆಂಡಾಲುಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದೆವು. ನನ್ನದು ಮರದ ಡಬ್ಬಿಯ ಸಾದಾ ಗಿಟಾರ್. ಇದ್ದ ಎರಡು ಮೈಕುಗಳೂ ಹಾಡುವವರಿಗೇ. ಢೋಲಕ್ಕಿನ ಪಕ್ಕದಲ್ಲಿ ನನ್ನ ಗಿಟಾರ್ ಕೇಳಿಸಬೇಕಾದರೆ ತಂತಿಗೆ ಬಲವಾಗಿ ಹೊಡೆಯಲೇಬೇಕಿತ್ತು. ಆ ವಾದ್ಯಕ್ಕೆ ಅದು ಸರಿ. ನಿವೃತ್ತಿಯ ನಂತರ ಕೊಂಡ ಎಲೆಕ್ಟ್ರಿಕ್ ಗಿಟಾರಿನ ಸಂಗತಿಯೇ ಬೇರೆ. ಅದರಲ್ಲಿ ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪಟ್ಟಿ ಇರುತ್ತದೆ. ಅದು ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದರೆ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವ ಕೆಲಸ ಆಂಪ್ಲಿಫೈಯರಿನದು. ಅಂದರೆ ಸದ್ದು ಜೋರಾಗಬೇಕಿದ್ದರೆ ಗುಬುಟು ತಿರುಗಿಸಿದರಾಯಿತು, ಹೆಬ್ಬೆರಳು ದುಡಿಯಬೇಕಿಲ್ಲ. ಮೆಲ್ಲಗೆ ಮೀಟಿದರೆ ಒಂದು ನಾದ, ಒತ್ತಿ ಮೀಟಿದರೆ ಇನ್ನೊಂದು ನಾದ ಎಂಬುದು ನಿಜ. ಆದರೆ ತೀರಾ ಬಲವಾಗಿ ಹೊಡೆದರೆ ತೆಳು ತಂತಿ ಎಳೆದಂತಾಗಿ ಶ್ರುತಿಯೇ ಒಂದಿಷ್ಟು ಏರಿಬಿಡುತ್ತದೆ.

ಮೊದಲು ಪಿಕ್ಕಿನ ವಿಚಾರ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಮೂರು ಮೂಲೆಯ ಬಿಲ್ಲೆ ಅದು. ಹಿಂದೆ ಕಡಲಾಮೆಯ ಚಿಪ್ಪಿನಿಂದ ಮಾಡುತ್ತಿದ್ದರು. ಆ ಆಮೆಗಳು ಅಳಿವಿನಂಚಿಗೆ ಬಂದದ್ದರಿಂದ 1970ರ ದಶಕದಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಈಗ ನೈಲಾನ್, ಸೆಲ್ಯುಲಾಯ್ಡ್, ಬಗೆಬಗೆಯ ಪ್ಲಾಸ್ಟಿಕ್. ನಮ್ಮ ಸರೋದ್ ವಾದಕರು ಬಳಸುವ 'ಜವಾ' ತೆಂಗಿನ ಚಿಪ್ಪಿನದು ಎಂದು ಗೊತ್ತೇ? ವೀಣೆಯವರಿಗಂತೂ ಬೆರಳೇ ಸಾಕು. ಮಕ್ಕಳಿಗೆ ಇನ್ನೊಂದು ಗುಟ್ಟು ಹೇಳುತ್ತೇನೆ. ಎಟಿಎಂ ಕಾರ್ಡಿನ ದಪ್ಪ ಜಗತ್ತಿನ ಎಲ್ಲ ಕಡೆಯೂ 0.76 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಮಧ್ಯಮ ದಪ್ಪದ ಪಿಕ್ಕಿಗೂ ಸುಮಾರು ಅಷ್ಟೇ. ಅವಧಿ ಮುಗಿದ ಕಾರ್ಡನ್ನು ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಒಳ್ಳೆಯ ಪಿಕ್ಕೇ ಆಗುತ್ತದೆ. ಅವಧಿ ಮುಗಿದಿದೆಯೇ ಎಂದು ಅಪ್ಪ ಅಮ್ಮನನ್ನು ಕೇಳಿಯೇ ಕತ್ತರಿ ಹಿಡಿಯಿರಿ. ಬ್ಯಾಂಕಿನಲ್ಲಿ ಇದ್ದವನಾಗಿ ಇಷ್ಟು ಹೇಳದಿದ್ದರೆ ಹೇಗೆ!

ನನ್ನ ಹೆಬ್ಬೆರಳಿಗೆ ಒಗ್ಗಿದ್ದು ಇದಕ್ಕಿಂತ ದಪ್ಪನೆಯದು, ಸುಮಾರು ಒಂದೂವರೆ ಮಿಲಿಮೀಟರಿನದು, ಮೈ ಸ್ವಲ್ಪ ಒರಟಾದದ್ದು. ಜಾರುವುದಿಲ್ಲವಾದ್ದರಿಂದ ಒತ್ತಿ ಹಿಡಿಯಬೇಕಿಲ್ಲ. ಹಿಡಿಯುವ ಕ್ರಮ ಹೀಗೆ: ತೋರುಬೆರಳನ್ನು ಒಳಕ್ಕೆ ಮಡಚಿ, ಅದರ ಬದಿಯ ಮೇಲೆ ಪಿಕ್ ಇಟ್ಟು, ಮೇಲೆ ಹೆಬ್ಬೆರಳನ್ನು ಸುಮ್ಮನೆ ಕೂರಿಸುವುದು. ತುದಿ ಮೂರು ನಾಲ್ಕು ಮಿಲಿಮೀಟರ್ ಹೊರಗಿದ್ದರೆ ಸಾಕು. ಇನ್ನೊಬ್ಬರು ಎಳೆದರೆ ಪಿಕ್ ಕೈಯಿಂದ ಸುಲಭವಾಗಿ ಬರಬೇಕು. ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ನಾನು ನುಡಿಸುವಾಗ ಹಿಂದಿನಿಂದ ಬಂದು ಎಳೆದು ಪರೀಕ್ಷೆ ಮಾಡುತ್ತಾಳೆ. "ಪಾಸ್ ತಾತ" ಎನ್ನುತ್ತಾಳೆ. ಕೆಲವು ದಿನ "ಫೇಲ್".

ಮನೆಯಲ್ಲಿ ಇರುವುದು ಒಂದೇ ಗಿಟಾರ್. ಬೆಳಿಗ್ಗೆ ನನ್ನದು, ಸಂಜೆ ಅವಳದು. ಶಾಲೆಯ ವಾರ್ಷಿಕೋತ್ಸವಕ್ಕೆ ಅವಳು ನುಡಿಸಬೇಕಾದ ತುಣುಕಿನಲ್ಲಿ ಸ್ವರಗಳು ಸರಸರನೆ ಓಡುವ ಒಂದು ಜಾಗ ಇದೆ. ಅಲ್ಲಿಗೆ ಬಂದಾಗ ಅವಳ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ಕೋಲಿನಂತೆ ಸೆಟೆಯುತ್ತಿತ್ತು. ನನ್ನ ಹೆಬ್ಬೆರಳಿನ ಸಮಸ್ಯೆ, ಅವಳ ತೋಳಿನ ಸಮಸ್ಯೆ ಎರಡೂ ಒಂದೇ ಎಂದು ಆಗ ಅನ್ನಿಸಿತು.

ಲೆಕ್ಕ ಹಾಕಿ ತೋರಿಸಿದೆ. ಮೆಟ್ರೋನೋಮ್ ನಿಮಿಷಕ್ಕೆ 160 ಸಲ ಬಡಿದುಕೊಳ್ಳುತ್ತಿದೆ, ಪ್ರತಿ ಬಡಿತಕ್ಕೆ ನಾಲ್ಕು ಸ್ವರ ಎಂದುಕೊಳ್ಳಿ. ನಿಮಿಷಕ್ಕೆ 640 ಮೀಟು, ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು. ಪ್ರತಿ ಮೀಟಿಗೂ ಪಿಕ್ ಎರಡು ಸೆಂಟಿಮೀಟರ್ ಓಡಿದರೆ ನಿಮಿಷಕ್ಕೆ ಹನ್ನೆರಡೂ ಮುಕ್ಕಾಲು ಮೀಟರ್ ಪ್ರಯಾಣ. ಅರ್ಧ ಸೆಂಟಿಮೀಟರ್ ಮಾತ್ರ ಓಡಿದರೆ ಮೂರೇ ಮೀಟರ್ ಚಿಲ್ಲರೆ. ಸ್ವರ ಅಷ್ಟೇ, ದಾರಿ ಕಾಲು ಭಾಗ. ಕೌಂಟರಿನಲ್ಲಿ ನೂರು ನೋಟಿನ ಕಟ್ಟು ಎಣಿಸುತ್ತಿದ್ದ ನಮ್ಮ ಹಿರಿಯ ಕ್ಯಾಷಿಯರ್ ಒಬ್ಬರ ಕೈ ನೆನಪಾಯಿತು. ಅವರ ಮಣಿಕಟ್ಟು ಅಲುಗುತ್ತಲೇ ಇರಲಿಲ್ಲ, ಬೆರಳ ತುದಿ ನೋಟಿನ ಮೂಲೆಯನ್ನಷ್ಟೇ ಮುಟ್ಟುತ್ತಿತ್ತು. ಇಡೀ ನೋಟನ್ನು ಎತ್ತಿ ಮಗುಚುತ್ತಿದ್ದ ನಮ್ಮಂಥ ಹೊಸಬರಿಗಿಂತ ಮೊದಲೇ ಅವರ ಕಟ್ಟು ಮುಗಿದಿರುತ್ತಿತ್ತು. ಗಿಟಾರಿನಲ್ಲಿ ಮಣಿಕಟ್ಟು ಆಡಲೇಬೇಕು, ಆದರೆ ಅಷ್ಟೇ ಕಡಿಮೆ. ಹಸ್ತದ ಅಂಚು ಬ್ರಿಜ್ಜಿನ ಹತ್ತಿರ ಹಗುರವಾಗಿ ಒರಗಿರಬೇಕು. ಇಲ್ಲದಿದ್ದರೆ ಮೀಟದ ತಂತಿಗಳೂ ಗುಂಯ್ ಎನ್ನುತ್ತವೆ, ಆಂಪ್ಲಿಫೈಯರ್ ಅದನ್ನೂ ಊರಿಗೆಲ್ಲ ಕೇಳಿಸುತ್ತದೆ.

ಮೀಟುವ ಮೂಲ ಪಾಠ ಸುಲಭ: ಒಂದು ಸಲ ಕೆಳಕ್ಕೆ, ಒಂದು ಸಲ ಮೇಲಕ್ಕೆ. ಸ್ವರಗಳು ನಾಲ್ಕು ನಾಲ್ಕಾಗಿ ಇರುವವರೆಗೆ ತೊಂದರೆಯಿಲ್ಲ, ತಕದಿಮಿ ತಕದಿಮಿ ಎಂದು ಪ್ರತಿ ಗುಂಪೂ ಕೆಳಮೀಟಿನಿಂದಲೇ ಶುರುವಾಗುತ್ತದೆ. ಕಷ್ಟ ಬರುವುದು ತಕಿಟದಲ್ಲಿ. ಒಂದು ತಂತಿಯಲ್ಲಿ ಮೂರು ಸ್ವರ ನುಡಿಸಿದರೆ ಕೆಳಗೆ, ಮೇಲೆ, ಕೆಳಗೆ. ಮುಂದಿನ ತಂತಿ ಮೇಲ್ಮೀಟಿನಿಂದ ಆರಂಭವಾಗಬೇಕು. ಆದರೆ ಪಿಕ್ ಆಗ ಎರಡು ತಂತಿಗಳ ನಡುವೆ ನಿಂತಿರುತ್ತದೆ. ಅದು ಮುಂದಿನ ತಂತಿಯನ್ನು ಮುಟ್ಟದೆ ಹಾರಿ, ಆಚೆ ಹೋಗಿ, ವಾಪಸು ಬರುತ್ತಾ ಮೀಟಬೇಕು. ಮೊಮ್ಮಗಳ ಕೈ ಸೆಟೆಯುತ್ತಿದ್ದದ್ದು ಸರಿಯಾಗಿ ಇಲ್ಲೇ.

"ತಾತ, ಮೂರನೇ ತಂತಿಗೆ ಬಂದ ಕೂಡಲೇ ಕೈ ತೊದಲುತ್ತೆ."

"ಹಾಗಾದ್ರೆ ಎಡಗೈ ತೆಗೆದುಬಿಡು ಪುಟ್ಟಿ. ನಾಲ್ಕನೇ ತಂತಿ ಕೆಳಕ್ಕೆ, ಮೂರನೇ ತಂತಿ ಮೇಲಕ್ಕೆ. ಅವೆರಡೇ."

"ಅದು ಹಾಡೇ ಅಲ್ಲ!"

"ಹಾಡಲ್ಲ. ಬಾಗಿಲು ದಾಟೋ ಅಭ್ಯಾಸ."

ಅರ್ಧ ಗಂಟೆ ಅವೆರಡೇ ಸ್ವರ. ಅಡುಗೆಮನೆಯಿಂದ ಅವಳ ಅಜ್ಜಿ, "ಬೇರೆ ಏನೂ ಬರೋದಿಲ್ಲವೇ ನಿಮಗೆ?" ಎಂದು ಕೇಳಿದಳು. ಮರುದಿನದಿಂದ ಆಂಪ್ಲಿಫೈಯರಿಗೆ ಹೆಡ್‌ಫೋನ್ ಹಾಕಿಕೊಂಡೆವು. ಎಲೆಕ್ಟ್ರಿಕ್ ಗಿಟಾರಿನ ದೊಡ್ಡ ಉಪಕಾರ ಇದು.

ಈ ಹಾರಾಟವನ್ನೇ ತಪ್ಪಿಸುವ ಉಪಾಯವೂ ಒಂದಿದೆ. ಕೆಳಕ್ಕೆ ಮೀಟಿದ ಪಿಕ್ಕನ್ನು ಹಾಗೇ ಮುಂದಕ್ಕೆ ಬಿಟ್ಟು ಮುಂದಿನ ತಂತಿಯನ್ನೂ ಕೆಳಕ್ಕೇ ಮೀಟುವುದು. ಇದಕ್ಕೆ ಎಕಾನಮಿ ಪಿಕಿಂಗ್ ಎಂದೇ ಹೆಸರು. ಬಿ.ಕಾಂ. ಓದಿದವನಿಗೆ ಹೆಸರು ಕೇಳಿಯೇ ಖುಷಿಯಾಯಿತು, ಹೆಬ್ಬೆರಳಿಗೂ ಅದೇ ಹಿತ. ಮೊಮ್ಮಗಳಿಗೆ ಮಾತ್ರ ಕೆಳಗೆ-ಮೇಲೆಯ ಕ್ರಮವೇ ಬೇಕು, ಅದರಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ ಎಂಬುದು ಅವಳ ವಾದ. ಅವಳು ಕಾಗದದ ಮೇಲೆ "ಕೆ ಮೇ ಕೆ, ಮೇ ಕೆ ಮೇ" ಎಂದು ಬರೆದುಕೊಂಡು ಜತಿಯ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತಾ ನುಡಿಸುತ್ತಾಳೆ.

ಕೆಳಗೆ-ಮೇಲೆ ಮೀಟಿನಲ್ಲಿ ಹೆಸರಾದ ಜಾನ್ ಮೆಕ್‌ಲಾಫ್ಲಿನ್ ಅವರನ್ನು ಇಬ್ಬರೂ ಕೇಳುತ್ತೇವೆ. ಇಂಗ್ಲೆಂಡಿನಲ್ಲಿ 1942ರಲ್ಲಿ ಹುಟ್ಟಿದವರು. ವೀಣೆಯನ್ನೂ ಅಭ್ಯಾಸ ಮಾಡಿದವರು, 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಂದಿಗೆ 'ಶಕ್ತಿ' ತಂಡ ಕಟ್ಟಿದವರು. ಕೈಯ ಸಂಧಿವಾತ ಅವರನ್ನೂ ಕಾಡಿತ್ತು. 2024ರಲ್ಲಿ 'ಶಕ್ತಿ'ಯ ಆಲ್ಬಮ್‌ಗೆ ಗ್ರ್ಯಾಮಿ ಬಂದಾಗ ಅವರಿಗೆ 82 ವರ್ಷ. ಅವರ ಕೈಗೂ ನನ್ನ ಕೈಗೂ ಹೋಲಿಕೆಯಿಲ್ಲ, ಆದರೂ ಆ 82 ಎಂಬ ಅಂಕಿ ನನಗೆ ಇಷ್ಟ.

ವೇಗ ಏರಿಸುವ ಬಗ್ಗೆ ನಮ್ಮ ಸಂಗೀತ ಮೇಷ್ಟ್ರುಗಳು ಹೇಳುವ ದಾರಿ ಒಂದು, ಗಿಟಾರಿನವರದು ಇನ್ನೊಂದು. ಸರಳೆ ವರಸೆಯಲ್ಲಿ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ಪ್ರತಿ ಸಲವೂ ವೇಗ ದುಪ್ಪಟ್ಟು. ಗಿಟಾರಿನವರು ಮೆಟ್ರೋನೋಮಿನಲ್ಲಿ 60ರಿಂದ ಶುರುಮಾಡಿ ಎರಡೋ ನಾಲ್ಕೋ ಅಂಕಿ ಏರಿಸುತ್ತಾರೆ. ಸವೆದ ಕೀಲಿಗೆ ಎರಡನೆಯದೇ ವಾಸಿ. ಆದರೆ ನಿಧಾನವಾಗಿ ನುಡಿಸುವಾಗ ಕೈ ಎಷ್ಟು ದೊಡ್ಡದಾಗಿ ಆಡಿದರೂ ನಡೆದುಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಹಾಗಾಗಿ ನಡುನಡುವೆ ಐದಾರು ಸ್ವರಗಳನ್ನು ಮಾತ್ರ ಒಮ್ಮೆಲೇ ವೇಗವಾಗಿ ನುಡಿಸಿ, ನಿಲ್ಲಿಸಿ, ಎಲ್ಲಿ ಬಿಗಿಯಾಯಿತು ಎಂದು ನೋಡಿಕೊಳ್ಳುತ್ತೇವೆ. ಭುಜವೋ, ಮೊಣಕೈಯೋ, ಕೆಲವೊಮ್ಮೆ ದವಡೆಯೂ! ಬಿಗಿ ಕಂಡರೆ ನಾಲ್ಕು ಅಂಕಿ ಹಿಂದಕ್ಕೆ. ನನ್ನ ಸರದಿ ಹದಿನೈದು ನಿಮಿಷ, ಆಮೇಲೆ ಕೈಗೆ ವಿಶ್ರಾಂತಿ. ನೋವಿದ್ದ ದಿನ ಗಿಟಾರ್ ಗೋಡೆಯ ಮೇಲೇ ಇರುತ್ತದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಇಬ್ಬರ ಅಂಕಿಯನ್ನೂ ಬರೆದಿಡುತ್ತೇವೆ. ಲೆಡ್ಜರ್ ಬರೆದ ಕೈಗೆ ಅದೊಂದು ಚಟ. ಮೊಮ್ಮಗಳು ಈಗ 112ಕ್ಕೆ ಬಂದಿದ್ದಾಳೆ, ವಾರ್ಷಿಕೋತ್ಸವಕ್ಕೆ ಬೇಕಾದದ್ದು 120, ಇನ್ನು ಐದು ಭಾನುವಾರ ಉಳಿದಿವೆ. ನನ್ನದು ಈ ವಾರ 84. ಕಳೆದ ವಾರವೂ 84.